ಹಳೆ ಸಾಮಾನು ಆನ್‌ಲೈನ್‌ನಲ್ಲಿ ಮಾರುವಾಗ ತಲೆ ತಿನ್ನುವ ಗಿರಾಕಿಗಳು: ನಿಭಾಯಿಸುವ ಸಮಗ್ರ ಮಾರ್ಗದರ್ಶಿ

ವಾಷಿಂಗ್ ಮಷಿನ್ ಮಾರಾಟಕ್ಕಿದೆ ಎಂದು ಫೋಟೊ ಹಾಕಿದ ಸಂಜೆಯೇ ‘ಇದೆಯಾ?’ ಎಂಬ ಮೆಸೇಜುಗಳು ಸಾಲುಗಟ್ಟುತ್ತವೆ. ಹದಿನೈದು ದಿನ ಕಳೆದರೂ ಮಷಿನ್ ಮಾತ್ರ ಜಗಲಿ ಬಿಟ್ಟು ಕದಲಿರುವುದಿಲ್ಲ. ಒಬ್ಬ ಅರ್ಧ ಬೆಲೆಗೆ ಕೇಳಿದ, ಇನ್ನೊಬ್ಬ ನಾಳೆ ಬರುತ್ತೇನೆಂದು ಮೂರು ಭಾನುವಾರ ಕಾಯಿಸಿದ, ಮತ್ತೊಬ್ಬ ಕ್ಯೂಆರ್ ಕೋಡ್ ಕಳಿಸಿದ. ಉತ್ತರ ಕನ್ನಡ ಜಿಲ್ಲೆಯ ಕಾರವಾರ, ಅಂಕೋಲಾ, ಕುಮಟಾ, ಶಿರಸಿ ಕಡೆಯಿಂದ ಕೇಳಿಬರುವ ದೂರುಗಳೆಲ್ಲ ಹೆಚ್ಚುಕಮ್ಮಿ ಇದೇ ಧಾಟಿಯವು.

ದೂರುವವರು ಗಿರಾಕಿಯನ್ನು ಬೈಯುತ್ತಾರೆ. ಎಡವಟ್ಟು ಆಗಿರುವುದು ಬಹುತೇಕ ಕೆಲಸದ ಕ್ರಮದಲ್ಲಿ: ಗಿರಾಕಿ ಕೇಳಿದ ಮೇಲೆ ಬೆಲೆ ಯೋಚಿಸಿರುತ್ತಾರೆ, ಗಿರಾಕಿ ಹೊರಡುವ ಮೊದಲೇ ಮನೆಯ ಲೊಕೇಶನ್ ಕಳಿಸಿರುತ್ತಾರೆ, ಹಣ ಖಾತೆಗೆ ಬೀಳುವ ಮೊದಲೇ ಸಾಮಾನನ್ನು ಟೆಂಪೋಕ್ಕೆ ಏರಿಸಿರುತ್ತಾರೆ. ಕೆಳಗಿನ ಹಂತಗಳನ್ನು ಇದೇ ಸಾಲಿನಲ್ಲಿ ಮಾಡಿ.

ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದವು

ಅಳತೆ ಟೇಪು, ಉದ್ದ ವಯರಿನ ಎಕ್ಸ್‌ಟೆನ್ಶನ್ ಬೋರ್ಡು, ಖರೀದಿಯ ಬಿಲ್ಲು, ಒಂದು ರಸೀದಿ ಪುಸ್ತಕ ಅಥವಾ ಬಿಳಿ ಹಾಳೆ. ಸಾಧ್ಯವಿದ್ದರೆ ಮಾರಾಟಕ್ಕೆಂದೇ ಬೇರೆ ಸಿಮ್ಮು. ಇಲ್ಲವಾದರೆ ನಂಬರ್ ಕೊಡದೆ ಆಪಿನ ಚಾಟ್‌ನಲ್ಲೇ ಮಾತುಕತೆ ಮುಗಿಸಿ. ಯುಪಿಐಗೆ ಕಡಿಮೆ ಹಣವಿರುವ ಖಾತೆಯನ್ನು ಜೋಡಿಸಿಕೊಳ್ಳಿ. ಸಂಬಳದ ಖಾತೆ, ಮನೆಸಾಲದ ಕಂತು ಕಡಿತವಾಗುವ ಖಾತೆ ಬೇಡ. ಕಾರಣ 4ನೇ ಹಂತದಲ್ಲಿದೆ.

ಹಂತ 1: ಮೂರು ಬೆಲೆ ಬರೆದಿಡಿ

ಜಾಹೀರಾತು ಹಾಕುವ ಮೊದಲೇ ಕಾಗದದ ಮೇಲೆ ಮೂರು ಅಂಕಿ ಬರೆಯಿರಿ. ಮೊದಲನೆಯದು ಹೇಳುವ ಬೆಲೆ. ಎರಡನೆಯದು ಕೊಡುವ ಬೆಲೆ, ಅಂದರೆ ಇದಕ್ಕಿಂತ ಕೆಳಗೆ ಇಳಿಯುವುದಿಲ್ಲ ಎನ್ನುವ ಗಡಿ. ಮೂರನೆಯದು, ಇವತ್ತೇ ಬಂದು ಪೂರ್ತಿ ಹಣ ಕೊಟ್ಟು ಒಯ್ಯುವವರಿಗೆ ಮಾತ್ರದ ಬೆಲೆ. ಇದು ಮೊದಲೆರಡರ ನಡುವೆ ಇರಲಿ.

ಹೇಳುವ ಬೆಲೆಗೂ ಕೊಡುವ ಬೆಲೆಗೂ ನೂರಕ್ಕೆ ಹತ್ತರಿಂದ ಹದಿನೈದರಷ್ಟು ಅಂತರ ಸಾಕು. 6,000 ಹೇಳಿದರೆ 5,200ರ ಆಸುಪಾಸು ನಿಲ್ಲಬೇಕು. ಚೌಕಾಸಿಗೆ ಜಾಗ ಇರಲಿ ಎಂದು 9,000 ಹೇಳುವವರು ಇದ್ದಾರೆ. ಅಂಥ ಬೆಲೆಗೆ ನಿಜವಾಗಿ ಬೇಕಿದ್ದವನು ಕೇಳದೇ ಮುಂದೆ ಹೋಗುತ್ತಾನೆ, ಉಳಿಯುವವರು ಚೌಕಾಸಿಯೇ ಕಸುಬಾದವರು.

ನಮ್ಮ ಜಿಲ್ಲೆಯಲ್ಲಿ ಬೆಲೆಗೆ ಕಾಲವೂ ಸೇರಿಕೊಂಡಿದೆ. ಶಾಲೆ ಮುಗಿಯುವ ಏಪ್ರಿಲ್, ಮೇ ತಿಂಗಳಲ್ಲಿ ಕೈಗಾ ಅಣುಸ್ಥಾವರದ ಟೌನ್‌ಶಿಪ್ ಮತ್ತು ಕಾರವಾರ ನೌಕಾನೆಲೆಯ ವರ್ಗಾವಣೆ ಕುಟುಂಬಗಳು ಮಂಚ, ಸೋಫಾ, ಕೂಲರು ಎಲ್ಲವನ್ನೂ ಒಟ್ಟಿಗೆ ಮಾರಾಟಕ್ಕಿಡುತ್ತವೆ. ಆ ಹೊತ್ತಿನಲ್ಲಿ ಕಾರವಾರದಲ್ಲಿ ಪೀಠೋಪಕರಣಕ್ಕೆ ಬೆಲೆ ನಿಲ್ಲುವುದು ಕಷ್ಟ. ಶಿರಸಿ, ಸಿದ್ದಾಪುರ ಕಡೆ ವೀಡ್ ಕಟರ್, ಔಷಧಿ ಹೊಡೆಯುವ ಪಂಪು ಮಾರುವವರಿಗೆ ಮಳೆಗಾಲದ ಮುಂಚಿನ ದಿನಗಳು ಒಳ್ಳೆಯವು. ಅದೇ ಪಂಪನ್ನು ಜನವರಿಯಲ್ಲಿ ಹಾಕಿದರೆ ಬರುವವರೆಲ್ಲ ಸುಮ್ಮನೆ ಬೆಲೆ ಕೇಳಿ ಹೋಗುವವರೇ.

ಹಂತ 2: ಅರ್ಧ ಪ್ರಶ್ನೆಗಳನ್ನು ಜಾಹೀರಾತಿನಲ್ಲೇ ಮುಗಿಸಿ

ಬಂದು ನೋಡಿದ ಮೇಲೆ ಬೆಲೆ ಇಳಿಸುವವರ ದೊಡ್ಡ ಆಯುಧ ನೀವು ಹೇಳದೇ ಬಿಟ್ಟ ದೋಷ. ಅದನ್ನು ಮೊದಲೇ ಅವರ ಕೈಯಿಂದ ಕಿತ್ತುಕೊಳ್ಳಿ. ಕರಾವಳಿಯಲ್ಲಿ ಉಪ್ಪುಗಾಳಿಗೆ ವಾಷಿಂಗ್ ಮಷಿನ್ನಿನ ಕೆಳಗಿನ ತಗಡು, ಫ್ರಿಜ್ಜಿನ ಹಿಂಭಾಗ, ಎಸಿಯ ಹೊರಗಿನ ಯೂನಿಟ್ಟು ತುಕ್ಕು ಹಿಡಿದೇ ಹಿಡಿಯುತ್ತವೆ. ಆ ತುಕ್ಕಿನದೇ ಒಂದು ಹತ್ತಿರದ ಫೋಟೊ ಹಾಕಿ. ಘಟ್ಟದ ಮೇಲೆ ಮರದ ಸಾಮಾನಿಗೆ, ಕ್ಯಾಮೆರಾ ಲೆನ್ಸಿಗೆ ಬೂಷ್ಟು. ಅದನ್ನೂ ತೋರಿಸಿ.

ಮಾದರಿಗೆ ಒಂದು:

“ಮುಂದಿನ ಬಾಗಿಲಿನ ವಾಷಿಂಗ್ ಮಷಿನ್, 7 ಕೆ.ಜಿ., 2019ರ ಖರೀದಿ, ಬಿಲ್ ಇದೆ. ಎಲ್ಲ ಪ್ರೋಗ್ರಾಂ ಓಡುತ್ತವೆ, ಬಂದವರ ಎದುರೇ ಓಡಿಸಿ ತೋರಿಸುತ್ತೇನೆ. ಕೆಳಗೆ ಎಡಬದಿಗೆ ಅಂಗೈ ಅಗಲ ತುಕ್ಕು (4ನೇ ಫೋಟೊ). ಬಾಗಿಲಿನ ರಬ್ಬರಿನಲ್ಲಿ ಕಪ್ಪು ಕಲೆ, ಸೋರಿಕೆ ಇಲ್ಲ. ಸ್ಥಳ ಕಾಜುಬಾಗ ಹತ್ತಿರ, ಎರಡನೇ ಮಹಡಿ, ಲಿಫ್ಟ್ ಇಲ್ಲ. ಇಳಿಸಲು ಇಬ್ಬರು ಬೇಕು. ಜನ, ಗಾಡಿ ನಿಮ್ಮದೇ. 8,500. ಎಕ್ಸ್‌ಚೇಂಜ್ ಇಲ್ಲ, ಕಂತು ಇಲ್ಲ. ನೋಡಲು ಬೆಳಿಗ್ಗೆ 10ರಿಂದ ಸಂಜೆ 5.”

ಲಿಫ್ಟ್ ಇಲ್ಲ, ಗಾಡಿ ನಿಮ್ಮದೇ ಎನ್ನುವ ಎರಡು ಮಾತು ಬಿಟ್ಟುಹೋದರೆ, ಬಂದವರು ಮೆಟ್ಟಿಲು ನೋಡಿ 500 ಇಳಿಸುತ್ತಾರೆ. ಮಂಚ, ಕಪಾಟು, ಫ್ರಿಜ್ಜಾದರೆ ಉದ್ದ, ಅಗಲ, ಎತ್ತರ ಬರೆಯಿರಿ. ‘ನಮ್ಮನೆ ಬಾಗಿಲಲ್ಲಿ ಹೋಗೂದಿಲ್ಲ’ ಎಂದು ಒಯ್ದದ್ದನ್ನು ವಾಪಸ್ ತರುವವರೂ ಇದ್ದಾರೆ.

ಫೋಟೊದಲ್ಲಿ ಬರಬಾರದವು: ಮನೆ ನಂಬರು, ಬಿಲ್ಲಿನ ಮೇಲಿನ ವಿಳಾಸ, ಮೊಬೈಲಿನ ಐಎಂಇಐ (ಫೋನಿನ ಗುರುತಿನ ಸಂಖ್ಯೆ), ಗಾಡಿಯ ಆರ್‌ಸಿ. ಮನೆಯ ಒಲೆ ಮಾರುವಾಗ ಗ್ಯಾಸ್ ಸಿಲಿಂಡರನ್ನು ಅದರ ಜೊತೆ ಸೇರಿಸಿ ಮಾರಬೇಡಿ. ಕನೆಕ್ಷನ್ನು ನಿಮ್ಮ ಹೆಸರಿನಲ್ಲಿರುತ್ತದೆ, ಬೇಡವಾದರೆ ಏಜೆನ್ಸಿಗೆ ಮರಳಿಸಿ ಠೇವಣಿ ಪಡೆಯಬೇಕು.

ಹಂತ 3: ಚಾಟ್‌ನಲ್ಲೇ ಜರಡಿ ಹಿಡಿಯಿರಿ

ಬಂದ ಎಲ್ಲರಿಗೂ ಒಂದೇ ಮೆಸೇಜನ್ನು ಕಾಪಿ ಮಾಡಿ ಕಳಿಸಿ: “ಇದೆ. ವಿವರ ಎಲ್ಲ ಜಾಹೀರಾತಿನಲ್ಲಿದೆ. ನೀವು ಯಾವ ಊರಿನವರು, ಯಾವಾಗ ಬಂದು ನೋಡ್ತೀರಿ, ಒಯ್ಯಲು ಗಾಡಿ ಇದೆಯಾ?” ಮೂರಕ್ಕೂ ಉತ್ತರ ಬಂದರೆ ಅವರು ಗಿರಾಕಿ. ಸುಮ್ಮನೆ ಬೆರಳಾಡಿಸಿದವರು ಇಲ್ಲಿಗೇ ಉದುರಿಹೋಗುತ್ತಾರೆ, ಅವರ ಹಿಂದೆ ಬೀಳುವುದು ಬೇಡ.

ಉಳಿದವರಲ್ಲಿ ಬಗೆಬಗೆಯವರು ಇರುತ್ತಾರೆ. ಹೆಚ್ಚಿನವರು ಮೋಸಗಾರರಲ್ಲ, ಗೊಂದಲದವರು. ಇಬ್ಬರನ್ನೂ ಒಂದೇ ದೊಣ್ಣೆಯಿಂದ ಹೊಡೆದರೆ ಒಳ್ಳೆಯ ಗಿರಾಕಿಯೂ ಓಡಿಹೋಗುತ್ತಾನೆ.

*‘ಲಾಸ್ಟ್ ಎಷ್ಟಕ್ ಕೊಡ್ತ್ರಿ?’ ಎನ್ನುವವರು.* ನೋಡುವ ಮೊದಲೇ ಲಾಸ್ಟ್ ರೇಟು ಹೇಳಿದರೆ ಬಂದಾಗ ಅದೇ ಅವರ ಆರಂಭದ ಬೆಲೆ. ಉತ್ತರ: “ಸಾಮಾನು ನೋಡಿ, ಓಡಿಸಿ ನೋಡಿ. ಎದುರೆದುರೇ ಕೂತು ಮಾತಾಡುವಾ. ಮೆಸೇಜಿನಲ್ಲಿ ಬೆಲೆ ಇಳಿಸೂದಿಲ್ಲ.” ಮತ್ತೆ ಕೇಳಿದರೆ ಇದೇ ವಾಕ್ಯ ಮತ್ತೊಮ್ಮೆ. ವಿವರಣೆ ಸೇರಿಸಬೇಡಿ. ಏಕೆ ಇಳಿಸುವುದಿಲ್ಲ ಎಂದು ಹೇಳಲು ಹೊರಟರೆ ಆ ಕಾರಣದ ಮೇಲೆ ಇನ್ನೊಂದು ಚೌಕಾಸಿ ಶುರುವಾಗುತ್ತದೆ.

*ಅರ್ಧ ಬೆಲೆಗೆ ಕೇಳುವವರು.* 8,500ರ ಮಷಿನ್ನಿಗೆ 3,500. ಇವರಲ್ಲಿ ಅನೇಕರು ತಿರುಗಿ ಮಾರುವ ವ್ಯಾಪಾರಿಗಳು, ಮನೆಬಳಕೆಗೆಂದು ಹೇಳಿಕೊಂಡು ಬರುತ್ತಾರೆ. ಸಿಟ್ಟಾಗುವಂಥದ್ದೇನಿಲ್ಲ, ಅದು ಅವರ ಹೊಟ್ಟೆಪಾಡು. “ಆ ಬೆಲೆಗೆ ಆಗೂದಿಲ್ಲ. ತಿಂಗಳಾದರೂ ಹೋಗದಿದ್ದರೆ ಹೇಳ್ತೇನೆ” ಎಂದು ನಂಬರ್ ಇಟ್ಟುಕೊಳ್ಳಿ. ಮನೆ ಖಾಲಿ ಮಾಡುವ ಗಡಿಬಿಡಿಯಲ್ಲಿ ಇಂಥವರೇ ಎಲ್ಲವನ್ನೂ ಒಂದೇ ಸಲ ಎತ್ತಿಕೊಂಡು ಹೋಗುವವರು.

*‘ನಾಳೆ ಬರ್ತೆ’ ಎನ್ನುವವರು.* ಮಾತಿನ ಮೇಲೆ ಸಾಮಾನು ತಡೆದಿಡಬೇಡಿ. “ಮೊದಲು ಬಂದವರಿಗೆ ಕೊಡ್ತೇನೆ. ತಡೆದಿಡಬೇಕು ಅಂದರೆ 500 ಮುಂಗಡ, ಎರಡು ದಿನ.” ಮುಂಗಡ ಕೊಟ್ಟರೆ ಷರತ್ತನ್ನು ಚಾಟ್‌ನಲ್ಲೇ ಬರೆಯಿರಿ: ಎಷ್ಟು ಬಂತು, ಯಾವ ದಿನ ಎಷ್ಟು ಗಂಟೆಯವರೆಗೆ, ಅವರು ಬರದಿದ್ದರೆ ಏನು, ಹೇಳಿದಂತೆ ಸಾಮಾನು ಇರದಿದ್ದರೆ ಏನು. ಕೊನೆಯದಕ್ಕೆ ‘ಪೂರ್ತಿ ವಾಪಸ್’ ಎಂದೇ ಬರೆಯುವುದು ನ್ಯಾಯ. ಮಳೆಗಾಲದಲ್ಲಿ ದೇವಿಮನೆ, ಅರಬೈಲ್ ಘಟ್ಟಗಳಲ್ಲಿ ಗುಡ್ಡ ಜರಿದು ರಸ್ತೆ ಬಂದ್ ಆಗುವುದುಂಟು. ಘಟ್ಟ ದಾಟಿ ಬರುವವರಿಗೆ ಆಗ ದಿನ ವಿಸ್ತರಿಸಿಕೊಡಿ.

*ಅದಲುಬದಲಿನವರು.* ‘ನಂದೊಂದು ಮೊಬೈಲ್ ಇದೆ, ಮೇಲೆ ಎರಡು ಸಾವಿರ ಕೊಡ್ತೆ.’ ಆ ಮೊಬೈಲು ಕದ್ದದ್ದಾದರೆ ತಲೆನೋವು ನಿಮ್ಮ ಪಾಲಿಗೆ. ಒಂದೇ ಸಾಲು: ಎಕ್ಸ್‌ಚೇಂಜ್ ಇಲ್ಲ.

*ಗುರುತಿನವರು.* ನಿಜಕ್ಕೂ ಕಷ್ಟದ ಗಿರಾಕಿ ಇವರೇ. ಸಣ್ಣ ಊರು, ಮೂರನೇ ಮೆಸೇಜಿಗೆ ಅವರು ನಿಮ್ಮ ಭಾವನ ಸ್ನೇಹಿತರು, ಇಲ್ಲವೇ ದಾಯಾದಿ ಮನೆಯ ಕಡೆಯವರು ಎಂದು ತಿಳಿಯುತ್ತದೆ. ‘ನಮ್ಗೂ ಅದೇ ರೇಟ್ ಹೇಳ್ತ್ರಾ ಮಾರಾಯ್ರೆ?’ ಎನ್ನುತ್ತಾರೆ. ಶಿರಸಿ, ಯಲ್ಲಾಪುರ ಕಡೆ ಇದರ ಮುಂದಿನ ಮಾತು, ‘ಅಡಿಕೆ ಮಾರಿದ ಮೇಲೆ ಕೊಡ್ತೆ.’ ಅಡಿಕೆಗೆ ರೇಟು ಏರಲಿ ಎಂದು ಅವರು ಕಾಯುವಷ್ಟು ದಿನವೂ ನಿಮ್ಮ ಹಣ ಅವರ ಅಟ್ಟದ ಮೇಲೆ ಇರುತ್ತದೆ. ಸಂಬಂಧ ಕೆಡಿಸಿಕೊಳ್ಳದೆ ಹೊರಬರಲು ದಾರಿ ಎರಡು. ರಿಯಾಯಿತಿ ಕೊಡುವುದಿದ್ದರೆ ಒಮ್ಮೆಗೇ, ಮೊದಲೇ ಕೊಟ್ಟುಬಿಡಿ: “ನಿಮಗೆ ಅಂತ ನಾನೇ 500 ಬಿಟ್ಟು ಹೇಳಿದೆ. ಆದರೆ ಸಾಮಾನು ಎತ್ತುವಾಗ ಪೂರ್ತಿ ಕೊಡಿ.” ಅಥವಾ ಹಣದ ಮಾತನ್ನು ಮನೆಯ ಬೇರೊಬ್ಬರ ಮೇಲೆ ಹಾಕಿ: “ಅದು ತಂಗಿಯದು, ಅವಳು ಹೇಳಿದ ಬೆಲೆ.” ಕಡ ಕೊಡುವುದೇ ಆದರೆ ಅರ್ಧಕ್ಕಿಂತ ಹೆಚ್ಚು ಹಣ ಕೈಗೆ ಬಂದಿರಬೇಕು, ಉಳಿದದ್ದಕ್ಕೆ ತಾರೀಕು ಬರೆದು ಸಹಿ ಆಗಿರಬೇಕು. ಬರೆಯಲು ಸಂಕೋಚವಾದರೆ ಆ ಮೊತ್ತವನ್ನು ದಾನವೆಂದೇ ತಿಳಿದು ಕೊಡಿ.

ಹಂತ 4: ಮೋಸದ ಸೂಚನೆಗಳು

ಇದೊಂದನ್ನು ಮನೆಯವರಿಗೆಲ್ಲ ಓದಿ ಹೇಳಿ. ಮಾರುವವರಿಗೆ ಹಣ *ಬರಬೇಕು*. ಯುಪಿಐನಲ್ಲಿ ಹಣ ಬರಲು ಪಿನ್ ಹಾಕುವಂತಿಲ್ಲ, ಕ್ಯೂಆರ್ ಸ್ಕ್ಯಾನ್ ಮಾಡುವಂತಿಲ್ಲ. ಇವೆರಡೂ ಹಣ ಹೋಗುವ ದಾರಿಗಳು. ವ್ಯಕ್ತಿಯಿಂದ ವ್ಯಕ್ತಿಗೆ ಹಣ ಕೇಳುವ ‘ಕಲೆಕ್ಟ್ ರಿಕ್ವೆಸ್ಟ್’ ಸೌಲಭ್ಯವನ್ನು ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ 2025ರ ಅಕ್ಟೋಬರ್ 1ರಿಂದ ನಿಲ್ಲಿಸಿದೆ. ಆದರೆ ಅಂಗಡಿಯ ಹೆಸರಿನ ಕ್ಯೂಆರ್ ಮತ್ತು ಲಿಂಕುಗಳು ಇನ್ನೂ ಇವೆ, ಹಾಗಾಗಿ ಆಟ ಮುಗಿದಿಲ್ಲ.

*ಸಮವಸ್ತ್ರದವರ ಹೆಸರಿನಲ್ಲಿ ಬರುವ ಕರೆ.* ಕಾರವಾರದಲ್ಲಿ ಇದು ಸುಲಭವಾಗಿ ನಾಟುತ್ತದೆ. ಕಾರಣ ಇಲ್ಲಿ ನೌಕಾನೆಲೆ ಇದೆ, ಕೈಗಾದಲ್ಲಿ ಸಿಐಎಸ್‌ಎಫ್ (ಕೇಂದ್ರ ಕೈಗಾರಿಕಾ ಭದ್ರತಾ ಪಡೆ) ಇದೆ. ಸೈನಿಕರು ಹಳೆ ಸಾಮಾನು ಕೊಳ್ಳುವುದು ದಿನನಿತ್ಯದ ಸಂಗತಿ. ಹಿಂದಿಯಲ್ಲಿ ಮಾತು, ಜೊತೆಗೆ ಗುರುತಿನ ಚೀಟಿ, ಕ್ಯಾಂಟೀನ್ ಕಾರ್ಡಿನ ಫೋಟೊ, ಒಂದು ರೂಪಾಯಿಯನ್ನೂ ಇಳಿಸದೆ ಒಪ್ಪಿಗೆ. ‘ನಾನು ಡ್ಯೂಟಿಯಲ್ಲಿದ್ದೇನೆ, ನಮ್ಮ ಗಾಡಿ ಬಂದು ಒಯ್ಯುತ್ತದೆ, ಪೇಮೆಂಟ್ ನಮ್ಮಲ್ಲಿ ಬೇರೆ ಥರ. ಮೊದಲು 5 ರೂಪಾಯಿ ಹಾಕಿ, 10 ವಾಪಸ್ ಬರುತ್ತದೆ.’ ಬರುತ್ತದೆ ಕೂಡ. ಆಮೇಲೆ 8,500ರ ಕ್ಯೂಆರ್ ಬರುತ್ತದೆ.

ಪರೀಕ್ಷೆ ಸುಲಭ. “ಸರ್, ನೌಕಾನೆಲೆಯ ಅರ್ಗಾ ಗೇಟಿನ ಹತ್ತಿರ ನಾನೇ ಸಾಮಾನು ತರುತ್ತೇನೆ, ಬಂದು ನೋಡಿ ನಗದು ಕೊಡಿ” ಎನ್ನಿ. ಕೈಗಾದವರೆಂದರೆ ಮಲ್ಲಾಪುರದ ಟೌನ್‌ಶಿಪ್ ಹತ್ತಿರ. ನಿಜವಾದ ನೌಕರರು ಹೊತ್ತು ಹೇಳುತ್ತಾರೆ, ಇಲ್ಲವೇ ಮನೆಯವರನ್ನು ಕಳಿಸುತ್ತಾರೆ. ಮೋಸಗಾರ ಮಾತು ಮರೆಸುತ್ತಾನೆ, ಸಿಟ್ಟು ಮಾಡುತ್ತಾನೆ, ಅಥವಾ ಕರೆ ಕತ್ತರಿಸುತ್ತಾನೆ.

*ಹೆಚ್ಚು ಹಣ ಬಿತ್ತು ಎನ್ನುವವರು.* 2,500ರ ಬದಲು 25,000 ಜಮಾ ಆಗಿದೆ ಎಂಬ ಎಸ್‌ಎಂಎಸ್, ಹಿಂದೆಯೇ ಅಳುವ ಧ್ವನಿಯ ಕರೆ: ಆಸ್ಪತ್ರೆ ಖರ್ಚಿನ ಹಣ, ಬೇಗ ವಾಪಸ್ ಹಾಕಿ. ಎಸ್‌ಎಂಎಸ್ ಎಲ್ಲಿಂದ ಬಂದಿದೆ ನೋಡಿ. ಬ್ಯಾಂಕಿನ ಸಂದೇಶ ಹತ್ತಂಕಿಯ ಮೊಬೈಲ್ ನಂಬರಿನಿಂದ ಬರುವುದಿಲ್ಲ. ಆಮೇಲೆ ಬ್ಯಾಂಕಿನ ಆಪಿನಲ್ಲಿ ಬ್ಯಾಲೆನ್ಸ್ ನೋಡಿ. ನಿಜವಾಗಿಯೂ ಬಂದಿದ್ದರೂ ನೀವೇ ತಿರುಗಿ ಕಳಿಸಬೇಡಿ. ನಿಮ್ಮ ಬ್ಯಾಂಕಿಗೆ ಬರೆದು ತಿಳಿಸಿ, ಅವರ ಬ್ಯಾಂಕಿನ ಮೂಲಕ ದೂರು ಕೊಡಲು ಅವರಿಗೆ ಹೇಳಿ.

*ಬೇರೆಯವರ ಖಾತೆಯಿಂದ ಹಣ.* ಎದುರಿಗೆ ನಿಂತವರು ಒಬ್ಬರು, ಹಣ ಬಂದದ್ದು ದೂರದ ರಾಜ್ಯದ ಇನ್ಯಾರದೋ ಹೆಸರಿನಿಂದ. ಆ ಹಣ ಬೇರೊಬ್ಬರಿಂದ ವಂಚಿಸಿದ್ದಾದರೆ, ಅವರು ದೂರು ಕೊಟ್ಟ ದಿನ ಅದು ಹರಿದುಬಂದ ಖಾತೆಗಳನ್ನೆಲ್ಲ ಬ್ಯಾಂಕು ತಡೆಹಿಡಿಯಬಹುದು. ನಿಮ್ಮದೂ ಅದರಲ್ಲಿ ಸೇರಿದರೆ ಬಿಡಿಸಿಕೊಳ್ಳಲು ಅಲೆಯಬೇಕಾಗುತ್ತದೆ. ಸಂಬಳದ ಖಾತೆ ಬೇಡ ಎಂದದ್ದು ಇದಕ್ಕೇ. ಕೊಳ್ಳುವವರ ಹೆಸರೂ ಖಾತೆಯ ಹೆಸರೂ ಒಂದೇ ಇರಲಿ. ಮನೆಯವರದ್ದಾದರೆ ಯಾರೆಂದು ಕೇಳಿ ರಸೀದಿಯಲ್ಲಿ ಬರೆಯಿರಿ.

ವಾಟ್ಸ್ಆಪ್‌ನಲ್ಲಿ ಬಂದ ಎಪಿಕೆ ಫೈಲು (ಫೋನಿಗೆ ಆಪು ಹಾಕುವ ಫೈಲು) ಒತ್ತಬೇಡಿ. ಸ್ಕ್ರೀನ್ ಹಂಚಿಕೊಳ್ಳುವ ಆಪು ಹಾಕಿ ಎಂದರೆ ಕರೆ ಕತ್ತರಿಸಿ. ‘ಕೊರಿಯರ್ ವಿಮೆಗೆ 199 ಕಟ್ಟಿ’ ಎಂದರೂ ಅಷ್ಟೇ.

ಹಂತ 5: ನೋಡಲು ಕರೆಯುವುದು

ಮೊಬೈಲು, ಲ್ಯಾಪ್‌ಟಾಪು, ಗಡಿಯಾರದಂಥ ಕೈಸಾಮಾನಿಗೆ ಮನೆಗೆ ಕರೆಯುವ ಅಗತ್ಯವಿಲ್ಲ. ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲು, ಬ್ಯಾಂಕಿನ ಆವರಣ, ಸಿಸಿಟಿವಿ ಇರುವ ಪರಿಚಯದ ಅಂಗಡಿ ಸಾಕು. ಶಿರಸಿಯಲ್ಲಾದರೆ ಸಂತೆಯ ದಿನದ ಗದ್ದಲ ತಪ್ಪಿಸಿ. ನಿಂತು ಪರೀಕ್ಷಿಸಲು ಜಾಗ ಇರಬೇಕು.

ದೊಡ್ಡ ಸಾಮಾನಿಗೆ ಮನೆಗೇ ಬರಬೇಕು. ಬರುವ ಹೊತ್ತಿಗೆ ಮನೆಯಲ್ಲಿ ಇನ್ನೊಬ್ಬರು ಇರಲಿ. ಸಾಮಾನನ್ನು ಮೊದಲೇ ಜಗಲಿಗೋ ಹೊರಕೋಣೆಗೋ ತಂದು, ಎಕ್ಸ್‌ಟೆನ್ಶನ್ ಬೋರ್ಡಿನಿಂದ ಕರೆಂಟು ಕೊಟ್ಟು ಸಿದ್ಧ ಇಡಿ. ಲೊಕೇಶನ್ನನ್ನು ‘ಹೊರಟೆ’ ಎಂದು ಕರೆ ಬಂದ ಮೇಲೆ ಕಳಿಸಿ. ಗೋವಾ ಕಡೆಯಿಂದ ಬರುವವರಿಗೆ ಗಡಿಯ ಮಾಜಾಳಿ ದಾಟಿದ ಮೇಲೆ ಕರೆ ಮಾಡಲು ಹೇಳಿ, ಅಷ್ಟು ಹೊತ್ತಿಗೆ ಕಳಿಸಿದರೆ ಸಾಕು.

ಹಂತ 6: ಎದುರಿನ ಚೌಕಾಸಿ

ಜೊತೆಗೊಬ್ಬ ‘ಮೆಕ್ಯಾನಿಕ್’ ಬರುತ್ತಾನೆ. ಕೊಳ್ಳುವವರು ಸುಮ್ಮನಿರುತ್ತಾರೆ, ಇವನು ತಗಡಿಗೆ ಬೆರಳಿನಿಂದ ಕುಟ್ಟುತ್ತಾನೆ, ಡ್ರಮ್ಮನ್ನು ಕೈಯಲ್ಲಿ ಅಲ್ಲಾಡಿಸುತ್ತಾನೆ, ‘ಬೇರಿಂಗ್ ಹೋಗ್ತಾ ಬಂದಿದೆ’ ಎನ್ನುತ್ತಾನೆ. ವಾದಕ್ಕೆ ಇಳಿಯಬೇಡಿ. ಬಟ್ಟೆ ಹಾಕದೆ ಮಷಿನ್ನನ್ನು ಸ್ಪಿನ್ನಿಗೆ ಇಟ್ಟು, ಅದು ನಿಲ್ಲುವವರೆಗೆ ಇಬ್ಬರೂ ನಿಂತು ಕೇಳಿಸಿಕೊಳ್ಳಲಿ. ಬೇರಿಂಗ್ ಹೋಗಿದ್ದರೆ ಗರಗರ ಸದ್ದು ಎಲ್ಲರಿಗೂ ಕೇಳುತ್ತದೆ. ಕೇಳದಿದ್ದರೆ ಆ ಮಾತು ಅಲ್ಲಿಗೆ ಸತ್ತಿತು.

ತುಕ್ಕು ತೋರಿಸಿದರೆ ಜಾಹೀರಾತಿನ ನಾಲ್ಕನೇ ಫೋಟೊ ತೋರಿಸಿ: “ಇದು ಹಾಕಿದ್ದೇನೆ, ಬೆಲೆ ಇದನ್ನು ಸೇರಿಸಿಯೇ.” ನೀವು ಹೇಳದ ದೋಷವನ್ನು ಅವರು ನಿಜವಾಗಿಯೇ ಹುಡುಕಿದರೆ ಒಪ್ಪಿಕೊಳ್ಳಿ, ರಿಪೇರಿಗೆ ತಗಲುವಷ್ಟನ್ನು ಇಳಿಸಿ.

ಇಳಿಯುವಾಗ ಹೆಜ್ಜೆ ಚಿಕ್ಕದಾಗುತ್ತ ಹೋಗಲಿ. 8,500ರಿಂದ 8,000, ಆಮೇಲೆ 7,700, ಆಮೇಲೆ 7,600. ಒಂದೇ ಸಮ 500, 500 ಎಂದು ಇಳಿದರೆ ಇನ್ನೂ ಕೆಳಗಿದೆ ಎಂದು ಅವರಿಗೆ ಅನಿಸುತ್ತದೆ. ನಿಮ್ಮ ಬೆಲೆ ಹೇಳಿದ ಮೇಲೆ ಬಾಯಿ ಮುಚ್ಚಿ ಕೂರಿ. ಮೌನ ತಡೆಯಲಾರದೆ ತಾನೇ ಇನ್ನೂರು ಬಿಟ್ಟುಕೊಡುವವರು ಮಾರುವವರಲ್ಲೇ ಹೆಚ್ಚು.

ಒಪ್ಪಿದ ಮೇಲೆ, ಟೆಂಪೋ ಬಾಗಿಲಿಗೆ ನಿಂತಾಗ ‘ಕೈಯಲ್ಲಿ 7,000 ಮಾತ್ರ ಇದೆ’ ಎನ್ನುವುದು ಹಳೆಯ ಪಟ್ಟು. “ಹಾಗಾದರೆ ಎಟಿಎಮ್ಮಿಗೆ ಹೋಗಿ ಬನ್ನಿ, ಸಾಮಾನು ಇಲ್ಲೇ ಇರ್ತದೆ” ಎಂದು ನಗುತ್ತಲೇ ಹೇಳಿ. ಸಾಮಾನು ಇನ್ನೂ ನೆಲದ ಮೇಲೆ ಇದ್ದರೆ ಮಾತ್ರ ಈ ಮಾತಿಗೆ ಬಲ.

ಹಂತ 7: ಹಣ, ಕಾಗದ, ಆಮೇಲೆ ಸಾಮಾನು

ಸಾಲು ಹೀಗೆ: ನೋಡುವುದು, ಒಪ್ಪುವುದು, ಹಣ, ರಸೀದಿ, ಏರಿಸುವುದು.

ಯುಪಿಐ ಆದರೆ ಅವರ ಮೊಬೈಲಿನ ಹಸಿರು ಟಿಕ್ಕನ್ನು, ಸ್ಕ್ರೀನ್‌ಶಾಟನ್ನು ನೋಡಿ ಒಪ್ಪಬೇಡಿ. ಅದನ್ನೇ ನಕಲು ಮಾಡುವ ಆಪುಗಳಿವೆ. ನಿಮ್ಮ ಬ್ಯಾಂಕಿನ ಆಪು ತೆರೆದು ಜಮಾ ಆದ ಸಾಲು ನೋಡಿ. ಘಟ್ಟದ ಮೇಲಿನ ಮನೆಗಳಲ್ಲಿ ನೆಟ್‌ವರ್ಕು ಸಿಗದಿದ್ದರೆ ಸಿಗುವ ಜಾಗದಲ್ಲೇ ವ್ಯವಹಾರ ಇಟ್ಟುಕೊಳ್ಳಿ, ಇಲ್ಲವೇ ನಗದು ಎಂದು ಮೊದಲೇ ಹೇಳಿ. ‘ಸರ್ವರ್ ಡೌನ್, ಸಂಜೆಗೆ ಬೀಳ್ತದೆ’ ಎಂದರೆ ಸಾಮಾನೂ ಸಂಜೆಗೇ ಹೋಗಲಿ. ನಗದಾದರೆ ಅವರ ಎದುರೇ ಎಣಿಸಿ, 500ರ ನೋಟಿನ ಭದ್ರತಾ ದಾರ, ನೀರಚ್ಚು ಬೆಳಕಿಗೆ ಹಿಡಿದು ನೋಡಿ. ಒಂದೇ ವ್ಯವಹಾರಕ್ಕೆ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು ತಡೆಯುತ್ತದೆ. ಕಾರು ಮಾರುವವರು ನೆನಪಿಡಬೇಕು.

ರಸೀದಿಯಲ್ಲಿ ತಾರೀಕು, *ಗಂಟೆ*, ಸಾಮಾನಿನ ಹೆಸರು, ಸೀರಿಯಲ್ ನಂಬರು, ಬೆಲೆ, ಹಣ ಬಂದ ಬಗೆ, ತಿಳಿಸಿದ ದೋಷಗಳು, ಇಬ್ಬರ ಸಹಿ ಇರಲಿ. ಕೊನೆಗೆ ಒಂದು ಸಾಲು: “ಓಡಿಸಿ ನೋಡಿ, ಇದ್ದ ಸ್ಥಿತಿಯಲ್ಲಿ ಒಪ್ಪಿ ಪಡೆದಿದ್ದೇನೆ.” ಎರಡು ಪ್ರತಿ ಮಾಡಿ.

ಹಂತ 8: ಮರುದಿನದ ಜಗಳವನ್ನು ಹಿಂದಿನ ದಿನವೇ ತಪ್ಪಿಸಿ

‘ಮನೆಗೆ ತಂದಾಗಿಂದ ಓಡ್ತಾ ಇಲ್ಲ, ಹಣ ವಾಪಸ್ ಕೊಡಿ’ ಎಂಬ ಕರೆಗಳಲ್ಲಿ ಬಹಳಷ್ಟು ಸಾಗಾಟದ ತಪ್ಪಿನಿಂದ ಬರುತ್ತವೆ. ಇವನ್ನು ಬಾಯಲ್ಲಿ ಹೇಳಿ, ರಸೀದಿಯ ಹಿಂಬದಿಗೂ ಬರೆದುಕೊಡಿ.

ಫ್ರಿಜ್ಜನ್ನು ನಿಲ್ಲಿಸಿಯೇ ಒಯ್ಯಬೇಕು. ಮಲಗಿಸಿದರೆ ಕಂಪ್ರೆಸರಿನ ಎಣ್ಣೆ ಗ್ಯಾಸಿನ ಕೊಳವೆಗೆ ಹರಿಯುತ್ತದೆ. ಮಲಗಿಸಲೇಬೇಕಾಗಿ ಬಂದಿದ್ದರೆ ಮನೆಯಲ್ಲಿ ನಿಲ್ಲಿಸಿ, ಒಂದು ದಿನ ಬಿಟ್ಟು ಕರೆಂಟು ಕೊಡಲಿ. ಮುಂದಿನ ಬಾಗಿಲಿನ ವಾಷಿಂಗ್ ಮಷಿನ್ನಿಗೆ ಹಿಂಬದಿಯಲ್ಲಿ ಡ್ರಮ್ ಬಿಗಿಯುವ ಬೋಲ್ಟುಗಳಿವೆ, ಹೊಸದು ತಂದಾಗ ಬಿಚ್ಚಿ ಎಲ್ಲೋ ಇಟ್ಟಿರುತ್ತೀರಿ. ಅವನ್ನು ಹುಡುಕಿ ಹಾಕದೆ ಘಟ್ಟದ ತಿರುವಿನಲ್ಲಿ ಒಯ್ದರೆ ಡ್ರಮ್ ಕುಲುಕಿ ಒಳಗಿನ ಭಾಗಗಳು ಹಾಳಾಗುತ್ತವೆ. ಅಲ್ಲಿ ಓಡಿಸುವ ಮೊದಲು ಬೋಲ್ಟು ಮತ್ತೆ ಬಿಚ್ಚಲೇಬೇಕು. ಟೂ ಸ್ಟ್ರೋಕ್ ವೀಡ್ ಕಟರಿಗೆ ಬರೀ ಪೆಟ್ರೋಲು ಹಾಕಿ ಓಡಿಸಿದರೆ ಪಿಸ್ಟನ್ ಜಾಮಾಗುತ್ತದೆ. ಪೆಟ್ರೋಲಿಗೆ ಎಷ್ಟು ಆಯಿಲ್ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ, ನಿಮ್ಮ ಯಂತ್ರದ ಪುಸ್ತಕದಲ್ಲಿದ್ದ ಅಳತೆಯನ್ನೇ ಬರೆದುಕೊಡಿ.

ದೂರದೂರಿಗೆ ಬಸ್ಸಿನ ‘ನಮ್ಮ ಕಾರ್ಗೋ’ದಲ್ಲೋ ಲಾರಿ ಪಾರ್ಸೆಲ್ಲಿನಲ್ಲೋ ಕಳಿಸುವುದಾದರೆ ಪೂರ್ತಿ ಹಣ ಮೊದಲು. ಓಡುತ್ತಿರುವುದು, ಸೀರಿಯಲ್ ನಂಬರು, ಪ್ಯಾಕ್ ಮಾಡುವುದು, ಮೂರನ್ನೂ ಒಂದೇ ವಿಡಿಯೊದಲ್ಲಿ ತುಂಡರಿಸದೆ ತೆಗೆದಿಡಿ. ಅಲ್ಲಿ ಬಿಚ್ಚುವಾಗ ಅವರೂ ವಿಡಿಯೊ ಮಾಡಲಿ ಎಂದು ಮೊದಲೇ ಹೇಳಿ.

ಹಂತ 9: ಮೊಬೈಲು ಮತ್ತು ಗಾಡಿ

ಮೊಬೈಲು ಕೊಡುವ ಮೊದಲು ಗೂಗಲ್ ಖಾತೆಯನ್ನು ಫೋನಿನಿಂದ ತೆಗೆದು, ಆಮೇಲೆ ಫ್ಯಾಕ್ಟರಿ ರೀಸೆಟ್ ಮಾಡಿ. ಖಾತೆ ತೆಗೆಯದೆ ರೀಸೆಟ್ ಮಾಡಿದರೆ ಫೋನು ಹಳೆಯ ಖಾತೆಯನ್ನೇ ಕೇಳಬಹುದು, ಆಗ ಗಿರಾಕಿ ರಾತ್ರಿ ಹತ್ತಕ್ಕೆ ನಿಮಗೆ ಫೋನು ಹಚ್ಚಿ ಪಾಸ್‌ವರ್ಡ್ ಕೇಳುತ್ತಾನೆ. ಐಫೋನಿನಲ್ಲಿ ‘ಫೈಂಡ್ ಮೈ’ ಮುಚ್ಚಬೇಕು. ಕದ್ದದ್ದೇ ಎಂದು ಅನುಮಾನಿಸುವ ಗಿರಾಕಿಯ ಮೇಲೆ ಮುನಿಸು ಬೇಡ; *#06# ಒತ್ತಿದರೆ ಬರುವ ಐಎಂಇಐಯನ್ನು ಎದುರಿನಲ್ಲೇ ಸರ್ಕಾರದ ಸಂಚಾರ್ ಸಾಥಿ ಆಪಿನಲ್ಲಿ ಪರೀಕ್ಷಿಸಿ ತೋರಿಸಿ, ರಸೀದಿಯಲ್ಲೂ ಬರೆಯಿರಿ.

ಗಾಡಿಯಲ್ಲಿ ಕಾಡುವ ಗಿರಾಕಿ ಎಂದರೆ ಹೆಸರು ಬದಲಿಸಿಕೊಳ್ಳದವನು. ‘ಖಾಲಿ ಫಾರ್ಮಿಗೆ ಸಹಿ ಹಾಕಿಕೊಡಿ, ನಾನು ಮಾಡಿಸ್ಕೊಳ್ತೆ’ ಎನ್ನುತ್ತಾನೆ. ಮಾಡಿಸುವುದಿಲ್ಲ. ಆಮೇಲಿನ ದಂಡದ ಚಲನ್ನು, ಅಪಘಾತದ ನೋಟಿಸು ನಿಮ್ಮ ವಿಳಾಸಕ್ಕೆ. ಫಾರ್ಮ್ 29 ಮತ್ತು 30ರಲ್ಲಿ ಕೊಳ್ಳುವವರ ಹೆಸರು, ವಿಳಾಸ, ತಾರೀಕು ತುಂಬಿದ ಮೇಲೆಯೇ ಸಹಿ ಹಾಕಿ. ಫಾರ್ಮ್ 29 ಮಾರುವವರು ಕೊಡುವ ತಿಳಿವಳಿಕೆ, ರಾಜ್ಯದೊಳಗಿನ ಮಾರಾಟವಾದರೆ 14 ದಿನದೊಳಗೆ ಆರ್‌ಟಿಒಗೆ ಮುಟ್ಟಬೇಕು. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿದ್ದರೆ ಮೊದಲು ಫಾರ್ಮ್ 35ರಿಂದ ತೆಗೆಸಿ. ಗೋವಾದವರಿಗೆ ಕೊಡುವುದಾದರೆ ನಿಮ್ಮ ಗಾಡಿ ನೋಂದಣಿಯಾದ ಕಚೇರಿಯಿಂದ (ಕಾರವಾರ ಕೆಎ 30, ಶಿರಸಿ ಕೆಎ 31, ಹೊನ್ನಾವರ ಕೆಎ 47) ಫಾರ್ಮ್ 28ರ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕು. ಬಾಕಿ ಚಲನ್ನು ಇದ್ದರೆ ಅದು ಅಲ್ಲೇ ನಿಲ್ಲುತ್ತದೆ.

ಹೆಸರು ಬದಲಾಗುವವರೆಗೆ 2,000 ರೂಪಾಯಿಯನ್ನು ಹೆಚ್ಚುವರಿ ಠೇವಣಿಯಾಗಿ ಇಟ್ಟುಕೊಂಡು, ಬದಲಾದ ದಿನ ಮರಳಿಸುವುದು ಒಳ್ಳೆಯ ಪದ್ಧತಿ. ಗಾಡಿ ನಂಬರ್ ಹಾಕಿ ಸರ್ಕಾರದ ಎಂಪರಿವಾಹನ್ ಆಪಿನಲ್ಲಿ ಆಗಾಗ ನೋಡುತ್ತಿರಿ. ವಿಮೆಯ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದಿದ್ದಕ್ಕೆ ಸಿಗುವ ರಿಯಾಯಿತಿ) ಗಾಡಿಗಲ್ಲ, ನಿಮಗೆ ಸೇರಿದ್ದು. ಕೊಳ್ಳುವವರು ಅದರ ಮೇಲೂ ಚೌಕಾಸಿ ಮಾಡಿದರೆ ಸೊಪ್ಪು ಹಾಕಬೇಡಿ. ವಿಮಾ ಕಂಪನಿಯಿಂದ ಪತ್ರ ಪಡೆದು ನಿಮ್ಮ ಮುಂದಿನ ಗಾಡಿಗೆ ಬಳಸಿ.

ಹಂತ 10: ಮಾರಿದ ಮೇಲೆ

ಜಾಹೀರಾತನ್ನು ಅದೇ ದಿನ ತೆಗೆಯಿರಿ, ಮುಂಗಡ ಕೊಡದೆ ಕಾದಿದ್ದವರಿಗೆ ‘ಹೋಯಿತು’ ಎಂದು ಒಂದು ಸಾಲು ಕಳಿಸಿ. ನಾಳೆ ಸೋಫಾ ಮಾರುವಾಗ ಅವರೇ ಮೊದಲು ಬರುತ್ತಾರೆ.

ವಾಪಸ್ ಕೇಳಿ ಕರೆ ಬಂದರೆ ಮೊದಲು ಕೇಳಬೇಕಾದದ್ದು ವಿಡಿಯೊ. ತಪ್ಪು ನಿಮ್ಮದೇ ಎಂದು ಕಂಡರೆ ರಿಪೇರಿ ಖರ್ಚಿನಲ್ಲಿ ಪಾಲು ಕೊಡಿ, ಮಾತು ಬೆಳೆಸಬೇಡಿ. ಅಲ್ಲವೆಂದಾದರೆ ರಸೀದಿಯ ಫೋಟೊ ಕಳಿಸಿ, “ಓಡಿಸಿ ನೋಡಿ ಒಪ್ಪಿ ಒಯ್ದಿದ್ದೀರಿ” ಎಂದು ಒಮ್ಮೆ ಬರೆದು ನಿಲ್ಲಿಸಿ. ಬೆದರಿಕೆ ಹಾಕಿದರೆ, ಮನೆ ಹತ್ತಿರ ಬಂದು ಗಲಾಟೆ ಮಾಡಿದರೆ 112ಕ್ಕೆ ಕರೆ ಮಾಡಿ.

ಹಣ ಹೋಗಿಬಿಟ್ಟಿದ್ದರೆ ನಾಚಿಕೆಪಟ್ಟುಕೊಂಡು ಕೂರಲು ಸಮಯವಿಲ್ಲ. ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ವ್ಯವಹಾರದ ಯುಟಿಆರ್ ನಂಬರು (ಆ ಪಾವತಿಯ ಗುರುತಿನ ಸಂಖ್ಯೆ), ಮೊತ್ತ, ಹೊತ್ತು ಹೇಳಿ. ಹಣ ಇನ್ನೊಂದು ಖಾತೆಗೆ ದಾಟುವ ಮೊದಲು ತಡೆಯುವ ಅವಕಾಶ ಇರುವುದು ಆರಂಭದಲ್ಲಿ ಮಾತ್ರ. ಎರಡನೆಯದಾಗಿ ನಿಮ್ಮ ಬ್ಯಾಂಕಿಗೆ ತಿಳಿಸಿ ಯುಪಿಐ ನಿಲ್ಲಿಸಿ. ಆಮೇಲೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲಿ ದೂರು ದಾಖಲಿಸಿ, ದೂರಿನ ನಂಬರ್ ಹಿಡಿದು ಹತ್ತಿರದ ಠಾಣೆಗೆ ಹೋಗಿ. ಚಾಟನ್ನು ಅಳಿಸಬೇಡಿ, ಅವನ ನಂಬರನ್ನು ಸ್ಕ್ರೀನ್‌ಶಾಟ್ ತೆಗೆದಾದ ಮೇಲಷ್ಟೇ ಬ್ಲಾಕ್ ಮಾಡಿ. ‘ಹೋದ ಹಣ ವಾಪಸ್ ಕೊಡಿಸುತ್ತೇವೆ, ಶುಲ್ಕ ಕಟ್ಟಿ’ ಎಂದು ಕೆಲವೇ ದಿನದಲ್ಲಿ ಇನ್ನೊಬ್ಬನ ಕರೆ ಬರುವ ಸಾಧ್ಯತೆ ಇದೆ. ಅವನೂ ಅದೇ ಗುಂಪಿನವನೆಂದೇ ತಿಳಿಯಿರಿ.